ನಾಲಿಗೆ ಸೋತಿಲ್ಲ
ನಿನ್ನೆ ಸಂಜೆ ಮಾವನ ಜೊತೆ ಮಂಡಕ್ಕಿ-ಮಿರ್ಚಿ ತಿನ್ನೋಕೆ ಹೋಗಿದ್ದೆ. ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಮೂರು ಚಕ್ರದ ಸ್ಕೂಟಿ ಮೇಲೆ ದಾವಣಗೆರೆ ಗಲ್ಲಿ ಗಲ್ಲಿ ಸುತ್ತೋ ಮನುಷ್ಯ (ಓಡಿಸೋದು ನನಗಿಂತ ಜೋರು!). ಅಂಗಡಿಯವನು ನನ್ನನ್ನ ಕೇಳಿದ, "ಅವ್ರಿಗೆ ಖಾರ ನಡೀತದಾ?"

ಮಾವ ಅಂದ್ರು, "ಕಾಲಷ್ಟೇ ಸೋತಿರೋದಪ್ಪ, ನಾಲಿಗೆ ಅಲ್ಲ. ಇನ್ನೆರಡು ಹಾಕು."

1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಆಯ್ತು. ಒಳ್ಳೇದೇ. ಪಿಂಚಣಿನೂ ಬೇಕು, ಬೇಡ ಅನ್ನಲ್ಲ. ರ‍್ಯಾಂಪ್ ಅಂದ್ರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ನಮ್ಮಲ್ಲಿ ಎಷ್ಟೋ ಕಡೆ ಜಾರುಬಂಡೆ ಕಟ್ಟಿರ್ತಾರೆ. ಆದ್ರೆ ಮಾವನಿಗೆ ಅದಕ್ಕಿಂತ ಚುಚ್ಚೋದು, ಎದುರಿಗೇ ಕೂತಿದ್ರೂ ಪಕ್ಕದವರನ್ನ ಕೇಳೋದು.

ದುಡ್ಡು ಅವರೇ ಕೊಟ್ರು. ಚಿಲ್ಲರೆ ಮಾತ್ರ ನನ್ನ ಕೈಗೇ ಬಂತು.