ಕಥೆ ಹೇಳದೆ ಕಾದಂಬರಿಯ ಬಗ್ಗೆ ಬರೆಯುವುದು ಹೇಗೆ?

ಕನ್ನಡ ಎಂ.ಎ. ವಿದ್ಯಾರ್ಥಿಗಳೂ ಓದುಗರ ಬಳಗದವರೂ ಮತ್ತೆ ಮತ್ತೆ ಕೇಳುವುದು ಇದನ್ನೇ: "ಕಾದಂಬರಿ ಚೆನ್ನಾಗಿ ಅರ್ಥ ಆಗಿರತ್ತೆ. ವಿಮರ್ಶೆ ಬರೆಯೋಕೆ ಕೂತರೆ ಮಾತ್ರ ಕಥೆ ಹೇಳಿದ ಹಾಗೇ ಆಗತ್ತೆ. ಏನು ಮಾಡೋದು?"

ಹಾಗಾಗುವುದಕ್ಕೆ ಕಾರಣ, ಬರೆಯಲು ಕೂರುವಾಗ ಕೈಯಲ್ಲಿ ವಿಷಯ ಇರುತ್ತದೆ, ವಾದ ಇರುವುದಿಲ್ಲ. "ಸಂಸ್ಕಾರ ಕಾದಂಬರಿಯಲ್ಲಿ ಜಾತಿ" ಎಂಬುದು ವಿಷಯ. ಅದನ್ನು ಒಪ್ಪಲೂ ಬರುವುದಿಲ್ಲ, ಅಲ್ಲಗಳೆಯಲೂ ಬರುವುದಿಲ್ಲ. ಅದೇ ಪುಸ್ತಕವನ್ನು ಅಷ್ಟೇ ಶ್ರದ್ಧೆಯಿಂದ ಓದಿದ ಇನ್ನೊಬ್ಬರು "ಇಲ್ಲ, ನನಗೆ ಹಾಗೆ ಕಾಣಲಿಲ್ಲ" ಎನ್ನಲು ಎಡೆಯಿರುವ ಮಾತು ವಾದ. ವಾದ ಇಲ್ಲದಿದ್ದಾಗ ಹಿಡಿದು ನಡೆಯಲು ಕಥೆಯ ಎಳೆಯೊಂದೇ ಉಳಿಯುತ್ತದೆ.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೇ (1965) ಮುಂದಿಟ್ಟುಕೊಂಡು ನೋಡೋಣ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಅಪ್ಪಣೆಗಾಗಿ ಕಾಯುತ್ತಾರೆ, ಉತ್ತರ ಸಿಗುವುದಿಲ್ಲ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಊರು ಬಿಡುತ್ತಾಳೆ. ಇದು ಓದುಗರಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ.

ವಾದ ಹುಟ್ಟುವುದು ಇಂಥ ತೊಡಕಿನ ಜಾಗದಲ್ಲಿ. ಮೊದಲ ಓದಿಗೆ ಪೆನ್ಸಿಲ್ ಬೇಡ. ಎರಡನೆಯ ಓದಿನಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ಕಡೆಯೆಲ್ಲ ಗುರುತು ಹಾಕಿ, ಪುಟಸಂಖ್ಯೆಯೊಂದಿಗೆ ಒಂದು ಸಾಲು ಟಿಪ್ಪಣಿ ಬರೆದಿಡಿ. ಇಪ್ಪತ್ತೈದು ಮೂವತ್ತು ಟಿಪ್ಪಣಿ ಆದ ಮೇಲೆ ಒಂದೊಂದನ್ನೂ ಹೀಗೆ ಕೇಳಿ: ಇದು ಬೇರೆ ಥರ ಇದ್ದಿದ್ದರೆ? ಹೆಣ ಸುಟ್ಟ ಸುದ್ದಿ ಆಚಾರ್ಯರ ಕಿವಿಗೆ ಬಿದ್ದಿದ್ದರೆ? ಧರ್ಮಸಂಕಟ ಅಲ್ಲಿಗೇ ಬಗೆಹರಿಯುತ್ತಿತ್ತು. ಬೀಳದ್ದರಿಂದಲೇ ಅವರು ಇಲ್ಲದ ಹೆಣವೊಂದನ್ನು ಹೊತ್ತುಕೊಂಡು ಊರೂರು ಅಲೆಯುತ್ತಾರೆ. ಇಷ್ಟು ಹೊಳೆದರೆ ವಾದ ಬರೆಯಬಹುದು:

"ಶವದ ಪ್ರಶ್ನೆಯನ್ನು ಚಂದ್ರಿಯ ಕೈಯಲ್ಲಿ ಮುಗಿಸಿ, ಆ ಸುದ್ದಿಯನ್ನು ಆಚಾರ್ಯರಿಂದ ಮರೆಮಾಡುವ ಮೂಲಕ, ಸಂಸ್ಕಾರ ಆಗಬೇಕಾದದ್ದು ಹೆಣಕ್ಕಲ್ಲ, ನಿರ್ಧರಿಸಲಾರದ ಪಂಡಿತನಿಗೆ ಎಂದು ಕಾದಂಬರಿ ತೋರಿಸುತ್ತದೆ."

ಇಪ್ಪತ್ತು ಪದಗಳ ಸುಮಾರಿನ ಒಂದೇ ವಾಕ್ಯ. ಅದರಲ್ಲಿ ಕಾದಂಬರಿ ಏನು ಹೇಳುತ್ತದೆ ಎಂಬುದೂ ಇದೆ, ಹೇಗೆ ಹೇಳುತ್ತದೆ ಎಂಬುದೂ ಇದೆ. ಈ 'ಹೇಗೆ' ಇಲ್ಲದ ವಾದ ಸಮಾಜಶಾಸ್ತ್ರದ ಪ್ರಬಂಧವಾಗಿಬಿಡುತ್ತದೆ. ಹೆಸರಿನ ಪದಕ್ಕೇ ಅಂತ್ಯಕ್ರಿಯೆ, ಸಂಸ್ಕೃತಿ, ಮನಸ್ಸಿನಲ್ಲಿ ಬೇರೂರಿದ ಹಳೆಯ ಅನುಭವಗಳ ಛಾಪು ಎಂಬ ಅರ್ಥಗಳಿರುವುದು ಈ ವಾದಕ್ಕೆ ಒಳ್ಳೆಯ ಆಸರೆ.

ಇನ್ನು ಪ್ಯಾರಾ ಕಟ್ಟುವುದು. ಹೆಚ್ಚಿನವರು ಎಡವುವುದು ಇಲ್ಲೇ. ಶವಸಂಸ್ಕಾರದ ಖರ್ಚಿಗೆಂದು ಚಂದ್ರಿ ತನ್ನ ಒಡವೆ ಬಿಚ್ಚಿ ಆಚಾರ್ಯರ ಮುಂದೆ ಇಡುವ ಸನ್ನಿವೇಶ ತೆಗೆದುಕೊಳ್ಳಿ. "ಚಂದ್ರಿ ಒಡವೆ ಕೊಟ್ಟಳು. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಆಸೆಯಾಯಿತು. ಇದರಿಂದ ಬ್ರಾಹ್ಮಣರ ದುರಾಸೆ ತಿಳಿಯುತ್ತದೆ" ಎಂದು ಬರೆದರೆ ಹೊಸದೇನೂ ಹೇಳಿದ ಹಾಗಾಗಲಿಲ್ಲ, ದುರಾಸೆ ಪುಟದ ಮೇಲೇ ಕಾಣುತ್ತದೆ. ಹೀಗೆ ಬರೆದು ನೋಡಿ: "ಚಿನ್ನ ನಡುವೆ ಬರುವ ತನಕ ಸಂಸ್ಕಾರ ಯಾರಿಗೂ ಬೇಡದ ಹೊರೆ. ಬಂದ ಕೂಡಲೇ ಅದು ತನಗೆ ಸಲ್ಲಬೇಕಾದ ಹಕ್ಕು. ಶಾಸ್ತ್ರದ ಒಂದಕ್ಷರವೂ ಬದಲಾಗದೆ ಪ್ರಶ್ನೆಯೇ ತಲೆಕೆಳಗಾಗುತ್ತದೆ. ಉತ್ತರಕ್ಕಾಗಿ ಆಚಾರ್ಯರು ನೆಚ್ಚಿರುವ ಶಾಸ್ತ್ರ ಈ ಪ್ರಶ್ನೆಯನ್ನು ಹಿಡಿದಿಡಲಾರದು ಎಂಬುದು ಇಲ್ಲೇ ಕಾಣಿಸುತ್ತದೆ." ಘಟನೆಗೆ ಅರ್ಧ ವಾಕ್ಯ ಸಾಕಾಯಿತು, ಉಳಿದದ್ದು ವಾದದ ಕಡೆಗೆ ನಡೆಯಿತು. ಉದ್ಧರಿಸುವ ಸಾಲಿಗೂ ಇದೇ ಅಳತೆ: ಒಂದೆರಡು ಸಾಲು ಉದ್ಧರಿಸಿದರೆ ಅದರ ಮೇಲೆ ಮೂರು ನಾಲ್ಕು ಸಾಲಾದರೂ ನಿಮ್ಮ ಮಾತು ಇರಬೇಕು.

ಸಾವಿರ ಪದಗಳ ಪ್ರಬಂಧದಲ್ಲಿ ಪೀಠಿಕೆಗೆ ನೂರಿಪ್ಪತ್ತು ಪದ ದಾಟಬೇಡಿ; ವಾದ ಅದರ ಕೊನೆಯ ವಾಕ್ಯವಾಗಿರಲಿ. "ಸಾಹಿತ್ಯ ಸಮಾಜದ ಕನ್ನಡಿ" ಎಂದು ಶುರು ಮಾಡಿದರೆ ಓದುವವರು ಅಲ್ಲೇ ಕಣ್ಣು ಹಾರಿಸುತ್ತಾರೆ. ಲೇಖಕರ ಜನ್ಮಸ್ಥಳ, ಪ್ರಶಸ್ತಿಗಳ ಪಟ್ಟಿಯೂ ಬೇಡ. ಆಮೇಲೆ ತಲಾ ಇನ್ನೂರು ಪದಗಳ ಮೂರು ಪ್ಯಾರಾ, ಪೂರ್ವಪಕ್ಷಕ್ಕೆ (ಅಂದರೆ ನಿಮ್ಮ ವಾದಕ್ಕೆ ಎದುರಾಗುವ ಆಕ್ಷೇಪಕ್ಕೆ) ಇನ್ನೂರು, ಮುಕ್ತಾಯಕ್ಕೆ ಎಂಬತ್ತು.

ಪೂರ್ವಪಕ್ಷವನ್ನು ಕಾಟಾಚಾರಕ್ಕೆ ಬರೆಯಬೇಡಿ. ನಮ್ಮ ವಾದಪರಂಪರೆಯಲ್ಲಿ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ. ಇಲ್ಲಿ ಬರುವ ಗಟ್ಟಿ ಆಕ್ಷೇಪ ಇದು: ಚಂದ್ರಿ ನಡುವಿನಲ್ಲೇ ಕಾದಂಬರಿಯಿಂದ ಮರೆಯಾಗುತ್ತಾಳೆ, ಆಚಾರ್ಯರ ಅಂತರಂಗಕ್ಕೆ ಸಿಕ್ಕ ಪುಟಗಳು ಅವಳಿಗೆ ಸಿಕ್ಕಿಲ್ಲ, ಅಂದಮೇಲೆ ಅವಳು ಆಚಾರ್ಯರ ಬದಲಾವಣೆಗೆ ಬಳಕೆಯಾದ ಸಾಧನ ಮಾತ್ರ ಅಲ್ಲವೇ? ಇದರಲ್ಲಿ ಸತ್ಯವಿದೆ, ಒಪ್ಪಿಕೊಳ್ಳಿ. ಒಪ್ಪಿದರೆ "ಚಂದ್ರಿಯೇ ನಿಜವಾದ ನಾಯಕಿ" ಎಂಬ ದೊಡ್ಡ ಮಾತು ಕೈಬಿಡಬೇಕಾಗುತ್ತದೆ. ಆದರೆ ಅವಳ ಕೆಲಸ ಆಚಾರ್ಯರಿಂದ ಮುಚ್ಚಿಹೋದದ್ದರ ಪರಿಣಾಮ ಏನು ಎಂಬ ವಾದಕ್ಕೆ ಧಕ್ಕೆಯಿಲ್ಲ. ಆಕ್ಷೇಪ ಬರೆದ ಮೇಲೆ ವಾದದ ವಾಕ್ಯವನ್ನು ಒಂದಿಷ್ಟೂ ತಿದ್ದಬೇಕೆನಿಸದಿದ್ದರೆ, ನೀವು ಆರಿಸಿದ ಆಕ್ಷೇಪ ಸುಲಭದ್ದು.

ಕೆಲವು ತಪ್ಪುಗಳು ಗೊತ್ತಾಗದಂತೆ ನುಸುಳುತ್ತವೆ. ಆಚಾರ್ಯರ ಯೋಚನೆಯನ್ನು "ಅನಂತಮೂರ್ತಿ ಹೇಳುತ್ತಾರೆ" ಎಂದು ಬರೆಯುವುದು ಒಂದು. ಈ ಕಾದಂಬರಿಯಲ್ಲಿ ನಿರೂಪಣೆ ಪಾತ್ರಗಳ ಮನಸ್ಸಿನೊಳಕ್ಕೆ ಇಳಿದು ಮಾತಾಡುವುದರಿಂದ ಯಾರ ಮಾತು ಯಾರದು ಎಂಬ ಎಚ್ಚರ ಇನ್ನೂ ಹೆಚ್ಚು ಬೇಕು. ಪಟ್ಟಾಭಿರಾಮ ರೆಡ್ಡಿಯವರ 1970ರ ಸಿನಿಮಾ ನೋಡಿದವರ ಬರಹದಲ್ಲಿ ತೆರೆಯ ಮೇಲಿನ ದೃಶ್ಯ ಪುಸ್ತಕದ ದೃಶ್ಯವಾಗಿ ಸೇರಿಕೊಳ್ಳುತ್ತದೆ. ಹೊರದೇಶದಲ್ಲಿ ಬೆಳೆದ ನಮ್ಮ ಹುಡುಗರು ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಓದಿ, ಅದನ್ನೇ ತಿರುಗಿ ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆಯೊಳಗೆ ಹಾಕುವುದುಂಟು. ಮೂಲದ ಪುಟ ತೆಗೆದು ನೋಡಲೇಬೇಕು. ಯಾವ ಮುದ್ರಣ ಎಂದೂ ಬರೆಯಬೇಕು, ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ.

ಬರೆದು ಮುಗಿಸಿ ಒಂದು ದಿನ ಬಿಟ್ಟ ಮೇಲೆ, ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ ಓದಿ. "ನಂತರ", "ಆಮೇಲೆ", "ಕೊನೆಗೆ" ಎಂದು ಸಾಗಿದರೆ ಕಥೆ ಮತ್ತೆ ಒಳಗೆ ಬಂದಿದೆ. "ಆದ್ದರಿಂದ", "ಆದರೆ", "ಇಷ್ಟೇ ಅಲ್ಲ" ಎಂದು ಒಂದರಿಂದ ಒಂದು ಹುಟ್ಟಿದರೆ ವಾದ ನಡೆಯುತ್ತಿದೆ. ಮುಕ್ತಾಯದ ಪ್ಯಾರಾದಲ್ಲಿ ಹಿಂದಿನದನ್ನೇ ಮತ್ತೆ ಹೇಳದೆ ಕಾದಂಬರಿಯ ಕೊನೆಯ ದೃಶ್ಯಕ್ಕೆ ಬನ್ನಿ: ಆಚಾರ್ಯರು ಗಾಡಿಯಲ್ಲಿ ಕೂತು ದೂರ್ವಾಸಪುರದತ್ತ ಹೊರಟಿದ್ದಾರೆ, ಮುಂದೇನು ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ಅವರು ಅಲ್ಲಿ ಬಗೆಹರಿಸಲು ಹೋಗುತ್ತಿರುವ ಹೆಣ ಬೂದಿಯಾಗಿ ದಿನಗಳೇ ಕಳೆದಿವೆ ಎಂಬುದನ್ನು ಓದುಗರಿಗೆ ಆ ಗಾಡಿಯ ಪಕ್ಕದಲ್ಲೇ ನೆನಪಿಸಿ ನಿಲ್ಲಿಸಿ.