ಪ್ವಿ ದ್ಯು ಫೂ: ಗಡಿಯಾರ ಹಿಡಿದು ನೋಡಬೇಕಾದ ಇತಿಹಾಸ

28 ಜೂನ್ 2025, ಶನಿವಾರ
ಲೇಜೆಪೆಸ್, ವಾಂದೇ ಜಿಲ್ಲೆ, ಪಶ್ಚಿಮ ಫ್ರಾನ್ಸ್

ಪ್ವಿ ದ್ಯು ಫೂ ಇತಿಹಾಸದ ಕಥೆಗಳನ್ನು ಆಡಿ ತೋರಿಸುವ ಪಾರ್ಕ್. ಇಲ್ಲಿ ರೋಲರ್ ಕೋಸ್ಟರ್ ಇಲ್ಲ, ಜಯಂಟ್ ವೀಲೂ ಇಲ್ಲ. ಮಕ್ಕಳನ್ನು ಕರೆತರುವವರು ಇದನ್ನು ಮನೆಯಲ್ಲೇ ಹೇಳಿಬಿಡುವುದು ಒಳ್ಳೆಯದು. ಇರುವುದೆಲ್ಲ ಆಟಗಳು, ಯಕ್ಷಗಾನಕ್ಕೆ ನಾವು ‘ಆಟ’ ಅನ್ನುತ್ತೇವಲ್ಲ, ಆ ಅರ್ಥದ ಆಟಗಳು. ರೋಮನ್ ರಥ, ವೈಕಿಂಗ್ ಹಡಗು, ಕತ್ತಿವರಸೆ, ಕುದುರೆ, ಹದ್ದು. ‘ಫೂ’ ಅಂದರೆ ಇಂದಿನ ಫ್ರೆಂಚಿನಲ್ಲಿ ಹುಚ್ಚ. ಆದರೆ ಈ ಹೆಸರಿನಲ್ಲಿರುವುದು ಹಳೆಯ ಮಾತಿನ ಬೀಚ್ ಮರ. ಪ್ವಿ ಅಂದರೆ ದಿಬ್ಬ. ದಿಬ್ಬದ ಮೇಲಿನ ಪಾಳು ಕೋಟೆಮನೆಯೊಂದರ ಮುಂದೆ 1978ರಲ್ಲಿ, ಮುಂದೆ ರಾಜಕಾರಣಿಯಾದ ಫಿಲಿಪ್ ದ ವಿಲ್ಯೇ ಒಂದು ರಾತ್ರಿಯಾಟ ಶುರುಮಾಡಿದರು. ಹಗಲಿನ ಪಾರ್ಕ್ ಬಂದದ್ದು ಆಮೇಲೆ, 1989ರಲ್ಲಿ.

ಟಿಕೆಟ್ ತೆಗೆದುಕೊಂಡ ಮೇಲೆ ಉಳಿಯುವ ಕೆಲಸ ಒಂದೇ, ವೇಳಾಪಟ್ಟಿಯ ಲೆಕ್ಕ. ದೊಡ್ಡ ಆಟಗಳು ಒಂದೊಂದೂ 25ರಿಂದ 40 ನಿಮಿಷ. ಆದರೆ ಖರ್ಚಾಗುವುದು ಅಷ್ಟೇ ಅಲ್ಲ. ಒಳ್ಳೆಯ ಜಾಗ ಬೇಕೆಂದರೆ 30 ನಿಮಿಷ ಮುಂಚೆ ಕೂರಬೇಕು. ಮುಗಿದಾಗ ಸಾವಿರಾರು ಜನ ಒಟ್ಟಿಗೆ ಏಳುವುದರಿಂದ ಹೊರಬರಲು 10 ನಿಮಿಷ. ಮುಂದಿನ ಜಾಗಕ್ಕೆ ಮಕ್ಕಳ ನಡಿಗೆಯಲ್ಲಿ 15 ನಿಮಿಷ. ಒಂದು ಆಟಕ್ಕೆ ಒಂದೂವರೆ ಗಂಟೆ ಅಂತಲೇ ಹಿಡಿಯಿರಿ. ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಅಂದರೂ 6 ಆಟ, ಅದೂ ಊಟ ಬಿಟ್ಟರೆ. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಎಂದು ಹೊರಟವರು ಮಧ್ಯಾಹ್ನ 3ರ ಹೊತ್ತಿಗೆ ಜಗಳವಾಡುತ್ತಿರುತ್ತಾರೆ. ಎರಡು ದಿನ ಇಟ್ಟುಕೊಳ್ಳಿ.

ಸಮಯಗಳು ದಿನದಿಂದ ದಿನಕ್ಕೆ ಬದಲಾಗುತ್ತವೆ. ಹಿಂದಿನ ರಾತ್ರಿಯೇ ಪಾರ್ಕಿನ ಆ್ಯಪ್‌ನಲ್ಲಿ ಮರುದಿನದ ಪಟ್ಟಿ ತೆರೆದು, ಯಾವ ಆಟ ಅತಿ ಕಡಿಮೆ ಸಲ ಇದೆಯೋ ಅದಕ್ಕೆ ಮೊದಲು ಗುರುತು ಹಾಕಿ. ಉಳಿದದ್ದನ್ನು ಅದರ ಸುತ್ತ ಕೂರಿಸಿ. ವೇಳೆ ಗೊತ್ತುಮಾಡದೆ ಸರದಿಯಲ್ಲಿ ನಡೆದು ನೋಡುವಂಥವೂ ಇವೆ: 18ನೇ ಶತಮಾನದ ನಾವಿಕ ಲಾ ಪೆರೂಸ್‌ನ ಹಡಗಿನ ಯಾನ, ಮೊದಲ ಮಹಾಯುದ್ಧದ ವೆರ್ದೂನ್‌ನ ಕಂದಕ, ಫ್ರಾಂಕರ ದೊರೆ ಕ್ಲೋವಿಸನ ಕಥೆ. ಇವನ್ನು ಸಂದು ತುಂಬಲು ಇಟ್ಟುಕೊಳ್ಳಿ. ಬಾಗಿಲಿಗೆ ಹತ್ತಿರವಿದ್ದುದಕ್ಕೆ ಮೊದಲು ನುಗ್ಗುವುದು ಎಲ್ಲರೂ ಮಾಡುವ ತಪ್ಪು, ಬೆಳಗಿನ ನೂಕುನುಗ್ಗಲೆಲ್ಲ ಅಲ್ಲೇ. ಆಟ ಶುರುವಾದ ಮೇಲೆ ಒಳಗೆ ಬಿಡುವುದನ್ನು ನಂಬಿ ಕೂರಬೇಡಿ. ಪ್ರಾಣಿಗಳೂ ಯಂತ್ರಗಳೂ ಓಡಾಡುವ ಜಾಗ.

ಮಾತೆಲ್ಲ ಫ್ರೆಂಚ್. ಅದೇ ಆ್ಯಪ್‌ನಲ್ಲಿ ಇಂಗ್ಲಿಷ್ ಅನುವಾದ ಕೇಳಬಹುದು, ಇಯರ್‌ಫೋನ್ ನಿಮ್ಮದೇ ಆಗಬೇಕು. ಪವರ್‌ಬ್ಯಾಂಕ್ ಮರೆತರೆ ಸಂಜೆಯ ಆಟ ಮೂಕಿಚಿತ್ರ.

ರೋಮನ್ ಅಖಾಡ ಸುಮಾರು 115 ಮೀಟರ್ ಉದ್ದ. ಮುಂದಿನ ಸಾಲಿನಲ್ಲಿ ಧೂಳು ಮತ್ತು ಗೊರಸಿನ ಸದ್ದು, ಮೇಲಿನ ಸಾಲಿನಲ್ಲಿ ಪೂರ್ತಿ ಓಟ. ರಥದ ಓಟಕ್ಕೆ ಮೇಲಿನದೇ ಸರಿ. ಎರಡು ಗಾಲಿಯ ರಥದ ಗುಟ್ಟಿರುವುದು ತಿರುವಿನಲ್ಲಿ: ವೇಗ ಹೆಚ್ಚಾದರೆ ಒಳಗಿನ ಗಾಲಿ ನೆಲ ಬಿಡುತ್ತದೆ. ಹಾಗಾಗಿ ಸಾರಥಿ ತಿರುವಿಗೆ ಮುಂಚೆಯೇ ಹಗ್ಗ ಬಿಗಿದು, ತಿರುಗಿದ ಮೇಲೆ ಸಡಿಲ ಬಿಡಬೇಕು. ಕೆಳಗೆ ಕೂತವರಿಗೆ ಇದು ಕಾಣುವುದಿಲ್ಲ.

ಹಕ್ಕಿಗಳ ಆಟಕ್ಕೆ ಬೇರೆಯೇ ತಯಾರಿ ಬೇಕು. ಡೇಗೆ, ಹದ್ದು, ರಣಹದ್ದು, ಗೂಬೆ, ಕೊಕ್ಕರೆ. ಕೊನೆಯಲ್ಲಿ ನೂರಾರು ಹಕ್ಕಿಗಳು ಒಮ್ಮೆಲೇ ತಲೆಯ ಮೇಲೆ. ಕೈಯಲ್ಲಿ ತಿಂಡಿ ಹಿಡಿಯಬಾರದು, ಎದ್ದು ನಿಲ್ಲಬಾರದು, ಮಗುವನ್ನು ಹೆಗಲ ಮೇಲೆ ಕೂರಿಸಬಾರದು. ರೆಕ್ಕೆ ಕೂದಲು ಸವರಿಕೊಂಡೇ ಹೋಗುತ್ತದೆ. ಬೇಟೆಹಕ್ಕಿ ಸಾಕುವವರ ಕಸುಬು ನಿಂತಿರುವುದು ತಕ್ಕಡಿಯ ಮೇಲೆ. ದಿನಾ ತೂಗುತ್ತಾರೆ. ತೂಕ ಹೆಚ್ಚಿದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ, ಕರೆದರೆ ಬರುವುದಿಲ್ಲ, ಮರದಲ್ಲೇ ಕೂರುತ್ತದೆ. ಕಡಿಮೆಯಾದರೆ ಹಾರುವ ತ್ರಾಣವಿರುವುದಿಲ್ಲ. ಬಿಸಿಲು ಬಲಿತಾಗ ನೆಲದಿಂದ ಏಳುವ ಬಿಸಿಗಾಳಿ ಹಿಡಿದು ರಣಹದ್ದು, ಕೊಕ್ಕರೆಗಳು ಸುತ್ತುತ್ತಾ ಮೇಲೇರಿ ದೂರ ಹೋಗಬಹುದು. ಜೋರು ಗಾಳಿ, ಮಳೆ ಎರಡೂ ಈ ಆಟಕ್ಕೆ ಶತ್ರು. ಆದ್ದರಿಂದ ಇದನ್ನು ಬೆಳಗಿನ ಸರದಿಗೆ ಹಾಕಿಕೊಳ್ಳಿ. ರದ್ದಾದರೂ ಮಧ್ಯಾಹ್ನದ್ದು ಉಳಿದಿರುತ್ತದೆ. 2018ರಲ್ಲಿ ಇಲ್ಲಿ ಆರು ರೂಕ್ ಕಾಗೆಗಳಿಗೆ ಸಿಗರೇಟ್ ತುಂಡು ಆಯ್ದು ಡಬ್ಬಿಗೆ ಹಾಕುವುದನ್ನು ಕಲಿಸಿದ್ದರು. ಹಾಕಿದರೆ ಒಂದು ತುತ್ತು. ನೆಲ ಚೊಕ್ಕಟವಾಗಲಿ ಅನ್ನುವುದಕ್ಕಿಂತ ಎಸೆಯುವವರಿಗೆ ನಾಚಿಕೆಯಾಗಲಿ ಎಂದೇ.

ವೈಕಿಂಗರದ್ದು ಬೆಂಕಿ, ನೀರು, ನೀರಿನೊಳಗಿಂದ ಏಳುವ ಹಡಗು. ಮುಂದಿನ ಸಾಲಿಗೆ ಝಳ ತಾಗುತ್ತದೆ, ಪುಟ್ಟ ಮಕ್ಕಳಿದ್ದರೆ ಹಿಂದೆ ಸರಿಯಿರಿ. ಅಷ್ಟು ಸಾಕು.

‘ಕೊನೆಯ ಗರಿ’ ಎಂಬರ್ಥದ ಹೆಸರಿರುವ, 2016ರಲ್ಲಿ ಶುರುವಾದ ಆಟದಲ್ಲಿ ತಿರುಗುವುದು ರಂಗವಲ್ಲ, ಪ್ರೇಕ್ಷಕರು. 2,400 ಜನ ಕೂತ ಗ್ಯಾಲರಿಯೇ 360 ಡಿಗ್ರಿ ಸುತ್ತುತ್ತದೆ, ಸುತ್ತಲೂ ದೃಶ್ಯಗಳು ಕಾಯುತ್ತಿರುತ್ತವೆ. ಪರದೆ ಬೀಳಿಸಿ ರಂಗ ಬದಲಿಸುವ ತಾಪತ್ರಯವೇ ಇಲ್ಲ. ತಲೆ ಸುತ್ತುವವರು ಮಧ್ಯದಲ್ಲಿ ಕೂರಲಿ. ಅಂಚಿನವರು ಕ್ರಮಿಸುವ ದೂರ ಹೆಚ್ಚು.

ಈ ಆಟದ ಕಥೆ ನೌಕಾಧಿಕಾರಿ ಶರೆತ್‌ನದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿದ್ದವನು, 1793ರಲ್ಲಿ ಫ್ರೆಂಚ್ ಕ್ರಾಂತಿಯ ಸರ್ಕಾರದ ವಿರುದ್ಧ ಎದ್ದ ವಾಂದೇ ರೈತರ ದಂಗೆಯ ನಾಯಕನಾದ, 1796ರ ಮಾರ್ಚ್ 29ರಂದು ನಾಂತ್ ಊರಿನಲ್ಲಿ ಗುಂಡಿಗೆ ಬಲಿಯಾದ. ಆ ಅಮೆರಿಕದ ಯುದ್ಧದ ಇನ್ನೊಂದು ತುದಿ ನಮ್ಮ ಕಡೆಗೂ ಚಾಚಿತ್ತು: 1782ರಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ಕಡಲೂರಿನ ಬಳಿ ಹೈದರಾಲಿಯನ್ನು ಕಂಡದ್ದು ಆಗಲೇ. ಆದರೆ ಒಂದು ಎಚ್ಚರ. ಇಲ್ಲಿ ರಾಜನ ಕಡೆಯವರು ಯಾವಾಗಲೂ ಸುಂದರಾಂಗರು, ಕ್ರಾಂತಿಯ ಕಡೆಯವರು ಖಳರು. ಫ್ರಾನ್ಸಿನ ಇತಿಹಾಸಕಾರರೇ ಇದನ್ನು ಕಟುವಾಗಿ ಟೀಕಿಸಿದ್ದಾರೆ. ಆ ಟೀಕೆ ನ್ಯಾಯವಾದದ್ದೇ. ರಂಗದ ಕಸುಬು ಮಾತ್ರ ಅದರಿಂದ ಕಡಿಮೆಯಾಗುವುದಿಲ್ಲ.

ಊಟದಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ತೆಳು. ಈ ನಾಡಿನ ‘ಮೊಜೆತ್’ ಎಂಬ ಬಿಳಿ ಹುರುಳಿಕಾಯಿ ಬೀಜ ಅವರೆಕಾಳಿನ ಸಾರಿನಷ್ಟು ಆಪ್ಯಾಯಮಾನ, ಆದರೆ ಸಾಮಾನ್ಯವಾಗಿ ಹಂದಿಮಾಂಸದ ಜೊತೆಗೇ ಬರುತ್ತದೆ, ಎಷ್ಟೋ ಕಡೆ ಬೇಯಿಸುವಾಗಲೇ ಸೇರಿರುತ್ತದೆ. ಕೇಳಿಯೇ ತಿನ್ನಿ. ಬೆಳ್ಳುಳ್ಳಿ ಬೆಣ್ಣೆ ತುಂಬಿದ ‘ಪ್ರೆಫೂ’ ರೊಟ್ಟಿ ಕ್ಷೇಮ. ಸಿಹಿ ಬ್ರೆಡ್ಡಾದ ಬ್ರಿಯೋಶ್‌ನಲ್ಲಿ ಮೊಟ್ಟೆ ಇದೆ.

ಇನ್ನು ಸಿನೆಸೆನಿ, 1978ರಲ್ಲಿ ಶುರುವಾದ ಆ ರಾತ್ರಿಯಾಟ. ಟಿಕೆಟ್ ಬೇರೆ, ಬೇಸಿಗೆಯ ವಾರಾಂತ್ಯದ ರಾತ್ರಿಗಳಲ್ಲಿ ಮಾತ್ರ. 23 ಹೆಕ್ಟೇರ್ ರಂಗ, ಅಂದರೆ ಸುಮಾರು 57 ಎಕರೆ, ಸಂಬಳವಿಲ್ಲದೆ ಕುಣಿಯುವ, ಕುದುರೆ ಓಡಿಸುವ ಎರಡು ಸಾವಿರಕ್ಕೂ ಹೆಚ್ಚು ಊರವರು, ಒಂದೂವರೆ ಗಂಟೆ. ಮಾತುಗಳೆಲ್ಲ ಮೊದಲೇ ಧ್ವನಿಮುದ್ರಿಸಿದ್ದು, ಪಾತ್ರಧಾರಿಗಳದು ಅಭಿನಯ ಮಾತ್ರ. ಇಷ್ಟು ದೊಡ್ಡ ಬಯಲಿನಲ್ಲಿ ಬೇರೆ ದಾರಿಯೂ ಇಲ್ಲ. ಸದ್ದು ಒಂದು ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್. ದೂರದ ಸವಾರ ಗ್ಯಾಲರಿ ಕಡೆಯ ಸ್ಪೀಕರ್ ಕೇಳಿ ಕತ್ತಿ ಎತ್ತಿದರೆ, ನೋಡುವವರ ಕಣ್ಣಿಗೆ ಅವನು ಆಗಲೇ ತಡ. ಸಾಲು ಸಾಲಾಗಿ ಓಡುವ ಮಕ್ಕಳು ತಾಳ ತಪ್ಪದಿರುವುದನ್ನು ಈ ಲೆಕ್ಕ ತಿಳಿದು ನೋಡಿದರೆ ಇನ್ನೂ ಹೆಚ್ಚು ರುಚಿಸುತ್ತದೆ.

ಜೂನ್‌ನಲ್ಲಿ ಇಲ್ಲಿ ಕತ್ತಲಾಗುವುದೇ ಹತ್ತರ ಮೇಲೆ, ಹಾಗಾಗಿ ಮುಗಿಯುವಾಗ ಮಧ್ಯರಾತ್ರಿ ದಾಟಿರುತ್ತದೆ. ಹಗಲು ಬೆವರಿದ್ದರೂ ಕೊಳದ ಕಡೆಯಿಂದ ಬರುವ ತಂಪಿಗೆ ಸ್ವೆಟರ್ ಬೇಕು. ಪ್ಯಾರಿಸ್ಸಿನಿಂದ ಆಂಜೇ ಊರಿಗೆ ರೈಲು, ಅಲ್ಲಿಂದ ಬಸ್ ಹಿಡಿದು ಬಂದವರಿಗೆ ಆ ಹೊತ್ತಿನಲ್ಲಿ ವಾಪಸ್ ರೈಲಿಲ್ಲ. ರೂಮು ಇಲ್ಲೇ, ಇಲ್ಲವೇ ಹತ್ತಿರದ ಶೋಲೆ ಊರಿನಲ್ಲಿ. ಕಾರಿನವರು ಬೆಳಿಗ್ಗೆಯೇ ನಿಲ್ಲಿಸಿದ ಸಾಲಿನ ನಂಬರಿನ ಫೋಟೋ ತೆಗೆದುಕೊಳ್ಳಿ. ಹದಿಮೂರು ಸಾವಿರ ಜನ ಒಟ್ಟಿಗೆ ಕತ್ತಲಲ್ಲಿ ಕಾರು ಹುಡುಕುತ್ತಿರುತ್ತಾರೆ.