ಮೇಲಿನ ಮನೆ ಗೀಸರೂ ನನ್ನ ಉದ್ದ ಪುಸ್ತಕವೂ

ಮೊನ್ನೆ ಬೆಳಿಗ್ಗೆ ಆರೂವರೆಗೇ ಮೇಲಿನ ಮನೇಲಿ ಬಾಡಿಗೆಗಿರೋ ಹುಡುಗಿ ಫೋನು, "ಆಂಟಿ, ಗೀಸರ್ ಸೋರ್ತಿದೆ, ಗೋಡೆಯೆಲ್ಲಾ ಒದ್ದೆ ಆಗಿದೆ, ಸ್ವಿಚ್ ಮುಟ್ಟೋಕೆ ಭಯ ಆಗ್ತಿದೆ" ಅಂತ. ನಾನಿನ್ನೂ ಡಿಕಾಕ್ಷನ್ ಕೂಡ ಹಾಕಿರ್ಲಿಲ್ಲ. ಮೊದ್ಲು ಮೈನ್ ಬೋರ್ಡಲ್ಲಿರೋ ಎಂಸಿಬಿ ಸ್ವಿಚ್ ಕೆಳಗೆ ಮಾಡಮ್ಮಾ ಅಂದು ಪ್ಲಂಬರ್‌ಗೆ ಫೋನ್ ಮಾಡ್ದೆ, ಅವ್ನು ಬಂದಿದ್ದು ಹನ್ನೊಂದಕ್ಕೆ, ಅದು ಬೇರೆ ವಿಷ್ಯ.

ಗೀಸರ್ ಇಳಿಸಿ ತಳ ಬಿಚ್ಚಿ ಬಕೆಟ್ ಮೇಲೆ ಬಗ್ಗಿಸಿದ್ರೆ ಬೋರ್‌ವೆಲ್ ನೀರಿನ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರ್ತು, ಅರ್ಧ ಬಕೆಟ್! ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಪದರ. ಒಳಗೆ ಒಂದು ಮೆಗ್ನೀಷಿಯಂ ಕಡ್ಡಿ ಇರುತ್ತೆ, ತುಕ್ಕು ಟ್ಯಾಂಕನ್ನ ತಿನ್ನೋ ಬದ್ಲು ಅದನ್ನ ತಿನ್ಲಿ ಅಂತ ಹಾಕಿರ್ತಾರಂತೆ. ನಮ್ದ್ರಲ್ಲಿ ಕಡ್ಡಿನೇ ಇರ್ಲಿಲ್ಲ, ಬರೀ ತಂತಿ ಉಳಿದಿತ್ತು. "ಅಮ್ಮಾ, ಎರಡು ವರ್ಷಕ್ಕೊಂದ್ಸಲ ಇದನ್ನ ಬದಲಾಯಿಸಿದ್ರೆ ಇನ್ನೂ ನಾಕು ವರ್ಷ ಬರ್ತಿತ್ತು" ಅಂದ. ಕಡ್ಡಿಗೆ ಕೆಲವು ನೂರು ರೂಪಾಯಿ, ಹೊಸ ಗೀಸರ್‌ಗೆ ಫಿಟ್ಟಿಂಗೂ ಸೇರಿ 7,800 ಬಿತ್ತು. 2017ರಲ್ಲಿ ಹಾಕ್ಸಿದ್ದು ಅಂತ ಮನೆ ಲೆಕ್ಕ ಬರ್ಕೊಳೋ ನನ್ನ ಉದ್ದ ಪುಸ್ತಕದಲ್ಲಿದೆ, ಅದಾದ್ಮೇಲೆ ಸರ್ವಿಸ್ ಅಂತ ಒಂದು ಸಾಲೂ ಇಲ್ಲ. ನನ್ನದೇ ತಪ್ಪು.

ದುಡ್ಡು ಯಾರು ಕೊಡ್ಬೇಕು ಅನ್ನೋದು ಮುಂದಿನ ಪ್ರಶ್ನೆ. ಕೇಂದ್ರದವ್ರು 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೇಲಿ ಗೀಸರ್ ರಿಪೇರಿ, ನಲ್ಲಿ ವಾಷರ್, ಸ್ವಿಚ್ಚು ಸಾಕೆಟ್ಟು ಎಲ್ಲಾ ಬಾಡಿಗೆಯವ್ರ ಪಾಲಿಗೆ, ಪೈಪು, ವೈರಿಂಗು, ಸುಣ್ಣಬಣ್ಣ ಓನರ್ ಪಾಲಿಗೆ ಅಂತ ಪಟ್ಟಿನೇ ಇದೆ. ಅದು ಮಾದರಿ ಅಷ್ಟೇ, ಅಗ್ರಿಮೆಂಟಲ್ಲಿ ಬೇರೆ ಥರ ಬರ್ಕೊಂಡಿದ್ರೆ ಹಂಗೇ. ನಮ್ಮನೆಯವ್ರು "ಅಡ್ವಾನ್ಸಲ್ಲಿ ಹಿಡ್ಕೋ" ಅಂದ್ರು. ಬಂದು ಎಂಟು ತಿಂಗ್ಳಾಗಿರೋ ಹುಡುಗಿ ಹತ್ರ ಅಷ್ಟು ವರ್ಷದ ಸುಣ್ಣಕ್ಕೆ ದುಡ್ಡು ಇಸ್ಕೊಳೋದಾ? ನಾನೇ ಕೊಟ್ಟೆ.

ಇದೇ ಮನೇನ 2019ರಲ್ಲಿ ಬ್ರೋಕರ್ ಮಾತು ಕೇಳಿ ಸೆಮಿ ಫರ್ನಿಶ್ಡ್ ಮಾಡಿದ್ದೆ. ಫ್ರಿಜ್ಜು, ಚಿಮಣಿ, ಆರ್‌ಓ ನೀರಿನ ಫಿಲ್ಟರ್, ಮೂರೂ ಸೇರಿ ಐವತ್ತು ಸಾವಿರದ ಹತ್ರ, ಬಾಡಿಗೆ ಮಾತ್ರ ಜಾಸ್ತಿಯಾಗಿದ್ದು 1,500. 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂತ ಅಲ್ಲಿದ್ದ ಹುಡುಗ್ರು ಮೈನ್ ಆಫ್ ಮಾಡಿ ಊರಿಗೆ ಹೋದೋರು ಜೂನಲ್ಲಿ ವಾಪಸ್ ಬಂದ್ರು. ಫ್ರಿಜ್ಜೊಳಗೆ ಅರ್ಧ ಪಾತ್ರೆ ದೋಸೆ ಹಿಟ್ಟು ಬಿಟ್ಟು ಹೋಗಿದ್ರು ಪುಣ್ಯಾತ್ಮರು. ಬಾಗಿಲು ತೆಗೆದಾಗ ಬಂದ ವಾಸ್ನೆ ಕೆಳಗೆ ನಮ್ಮ ದೇವರ ಮನೆವರೆಗೂ ಬಂತು ಅಂದ್ರೆ ನೋಡಿ. ಸೋಡಾ, ನಿಂಬೆಹಣ್ಣು, ಕಾಫಿ ಪುಡಿ, ಏನಿಟ್ರೂ ಹೋಗ್ಲಿಲ್ಲ, ಆ ಫ್ರಿಜ್ ಎಕ್ಸ್‌ಚೇಂಜಿಗೆ ಹೋಯ್ತು. ಚಿಮಣಿ ಫಿಲ್ಟರ್ ಅಂತೂ ಒಬ್ರೂ ತೊಳೀಲಿಲ್ಲ, ಜೋನಿಬೆಲ್ಲದ ಥರ ಎಣ್ಣೆ ಕಟ್ಕೊಂಡು ಒಳಗೆ ಜಿರಳೆ ಸಂಸಾರ. ಆರ್‌ಓ ಮೆಂಬ್ರೇನ್, ಅಂದ್ರೆ ಒಳಗೆ ನೀರು ಸೋಸೋ ಪೊರೆ, ನೀವು ಹಾಕ್ಸಿ, ನೀವು ಹಾಕ್ಸಿ ಅಂತ ವರ್ಷಾ ವರ್ಷಾ ಜಗಳ.

ಅಲ್ಲಿಂದ ನಾನು ಮಾಡ್ಕೊಂಡಿರೋ ಲೆಕ್ಕ ಏನಂದ್ರೆ ದುಡ್ಡು ಗೋಡೆಗೆ ಹಾಕು, ಮಷಿನ್‌ಗೆ ಬೇಡ. ಹೋದ ಬೇಸ್ಗೇಲಿ ಇನ್ನೊಂದು ಮನೆಯವ್ರು ಏಸಿ ಹಾಕ್ಸಿಕೊಡಿ, ತಿಂಗ್ಳಿಗೆ ಸಾವಿರ ಜಾಸ್ತಿ ಕೊಡ್ತೀವಿ ಅಂದ್ರು. ಏಸಿ 36,000, ತಾಮ್ರದ ಪೈಪು ಸ್ಟ್ಯಾಂಡು ಫಿಟ್ಟಿಂಗ್ 4,500, ಬೇರೆ ಲೈನು ಎಂಸಿಬಿ 5,000, ಒಟ್ಟು 45,500. ಸರ್ವಿಸ್ ಖರ್ಚು ಬಿಟ್ರೂ ಹಾಕಿದ್ದು ವಾಪಸ್ ಬರೋಕೆ ಸುಮಾರು ನಾಕು ವರ್ಷ, ನಮ್ಮಲ್ಲಿ ಬಾಡಿಗೆಯವ್ರು ಎರಡು ವರ್ಷ ಇದ್ರೆ ಹೆಚ್ಚು. ಬೆಂಗ್ಳೂರಲ್ಲಿ ಏಸಿ ಬೇಕಾಗೋದೇ ಎರಡು ತಿಂಗ್ಳು. ಅದಕ್ಕೆ ಲೈನ್ ಎಳೆಸಿ ಪಾಯಿಂಟ್ ಮಾತ್ರ ಕೊಡ್ತೀನಿ, ಏಸಿ ನೀವೇ ತಂದ್ಕೊಳಿ ಅಂದೆ. ಆ ಐದು ಸಾವಿರ ಮುಂದೆ ಬರೋರಿಗೂ ಆಗುತ್ತೆ. ವಾಷಿಂಗ್ ಮಷಿನ್‌ಗೂ ಅಷ್ಟೇ, ನಲ್ಲಿ, ಡ್ರೈನು, ಪ್ಲಗ್ ಪಾಯಿಂಟ್ ನಂದು, ಮಷಿನ್ ನಿಮ್ದು.

ಗೀಸರ್ ಮಾತ್ರ ನಾನೇ ಹಾಕ್ಸೋದು. ಬಿಟ್ರೆ ಬರೋರೆಲ್ಲ ಗೋಡೆಗೆ ಡ್ರಿಲ್ ಹೊಡೀತಾರೆ, ಹೋಗ್ವಾಗ ಕಿತ್ಕೊಂಡು ಹೋಗ್ತಾರೆ, ಟೈಲ್ಸ್ ನಂದು ತಾನೇ ಒಡೆಯೋದು? ಮುಂಚೆ ಕರೆಂಟ್ ಬಿಲ್ ಅವ್ರು ಕಟ್ಟೋದು, ನಂಗ್ಯಾಕೆ ಸ್ಟಾರು ಪಾರು ಅಂತ ಕಮ್ಮಿ ರೇಟಿಂದೇ ತರ್ತಿದ್ದೆ. ಈಗ ಹಂಗಿಲ್ಲ, 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ ಮನೆ ನೋಡೋಕೆ ಬರೋರೇ ಗೀಸರ್ ಎಷ್ಟು ಸ್ಟಾರ್ ಅಂತ ಕೇಳ್ತಾರೆ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಬರುತ್ತಲ್ಲ. ಎರಡು ಕಿಲೋವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಉರಿದ್ರೂ ತಿಂಗ್ಳಿಗೆ 30 ಯೂನಿಟ್. ಅದಕ್ಕೆ ಈ ಸಲ ಐದು ಸ್ಟಾರಿಂದೇ ತಂದೆ.

ಬಿಲ್ಲೆಲ್ಲಾ ಜೋಡಿಸ್ಕೊಂಡು ಆಡಿಟರ್ ಹತ್ರ ಹೋಗಿದ್ದೆ ಒಂದು ವರ್ಷ, ಟ್ಯಾಕ್ಸಲ್ಲಿ ಕಳೀಬಹುದೇನೋ ಅಂತ. ಅವ್ರು ನಕ್ಕುಬಿಟ್ರು. ಬಾಡಿಗೇಲಿ ಆಸ್ತಿ ತೆರಿಗೆ ಕಳೆದು ಉಳಿದಿದ್ರಲ್ಲಿ 30 ಪರ್ಸೆಂಟ್ ಹಂಗೇ ಬಿಡ್ತಾರೆ, ನೀವು ಒಂದು ರೂಪಾಯಿ ಖರ್ಚು ಮಾಡಿದ್ರೂ ಅಷ್ಟೇ, ಲಕ್ಷ ಮಾಡಿದ್ರೂ ಅಷ್ಟೇ ಅಂದ್ರು. ಬಿಲ್ ಗ್ಯಾರಂಟಿಗೆ ಬೇಕಲ್ಲ ಅಂತ ಇಟ್ಕೊಂಡಿದ್ದೀನಿ.

ಹೊಸ ಗೀಸರ್ ಮೈಮೇಲೆ ಮಾರ್ಕರಲ್ಲಿ ಹಾಕ್ಸಿದ ತಾರೀಖು, ಕೆಳಗೆ "ಕಡ್ಡಿ ನೋಡ್ಬೇಕು" ಅಂತ ಎರಡು ವರ್ಷ ಆಚೆಯ ತಾರೀಖು ಬರ್ದೆ. ಹಳೇದನ್ನ ಗುಜರಿಯವ್ನು 300ಕ್ಕೆ ಕೇಳ್ದ, ಒಳಗೆ ತಾಮ್ರ ಇದೆ ಕಣಪ್ಪಾ ಅಂತ ಚೌಕಾಸಿ ಮಾಡಿ 350 ಇಸ್ಕೊಂಡೆ. ಅದನ್ನೂ ಉದ್ದ ಪುಸ್ತಕದಲ್ಲಿ ಜಮಾ ಕಡೆ ಬರ್ದಿದ್ದೀನಿ.